ತಮಾತಿಯ ರೈಫಲ್ಲಿನ ನಂಬರು

ಹಾಸ್ಟ್ ಊರಿಗೆ ಬೇಟೆಗೆಂದು ಹೊರದೇಶದಿಂದ ಬರುವವರಿಗೆ ತಮಾತಿ ಎಂದರೆ ಅಷ್ಟು ನಂಬಿಕೆ. ಮೂವತ್ತೆಂಟು ವರ್ಷ ಅವರನ್ನು ಬೆಟ್ಟ ಹತ್ತಿಸಿ ಜಿಂಕೆಯ ಜಾಡು ತೋರಿಸಿದವನು ಅವನು. ಹೊರಡುವ ದಿನ ಅವರ ಬಂದೂಕುಗಳನ್ನು ಒರೆಸಿ, ಪೆಟ್ಟಿಗೆಗೆ ಇಳಿಸಿ, ಬೀಗ ಹಾಕಿ ಕೊಡುವವನೂ ಅವನೇ. ಅವನು ಕಟ್ಟಿದ ಪೆಟ್ಟಿಗೆಯನ್ನು ಯಾವ ವಿಮಾನ ನಿಲ್ದಾಣದವರೂ ತಡೆದದ್ದಿಲ್ಲ. ಆದರೆ ಅವನು ಮಾತ್ರ ಒಮ್ಮೆಯೂ ದೇಶ ಬಿಟ್ಟು ಹೋದವನಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ಆ ಕಾಲ ಬಂತು. ಹನ್ನೊಂದು ಸಲ ಅವನ ಜೊತೆ ಬೇಟೆಯಾಡಿದ್ದ ಕೆನಡಾದ ಲಾಯ್ಡ್, "ಈ ಸಲ ನೀನು ಬಾ, ನಾನು ದಾರಿ ತೋರಿಸ್ತೀನಿ" ಎಂದು ಗಂಡಹೆಂಡತಿ ಇಬ್ಬರಿಗೂ ಟಿಕೆಟ್ ಕಳಿಸಿದ್ದ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ತಮಾತಿ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಸಾಮಾನು ಹರಡಿಕೊಂಡು ಕೂತಿದ್ದ. ರೈಫಲ್ಲಿಗೆ ತೋಟಾ ತುಂಬುವ ಬೋಲ್ಟನ್ನು ಬಿಚ್ಚಿ ಕಾಲುಚೀಲದೊಳಗೆ ತೂರಿಸಿದ. ತೋಟಾಗಳನ್ನು ಅವುಗಳ ಡಬ್ಬಿಯಲ್ಲೇ ಇಟ್ಟು ಬೇರೆ ಚೀಲಕ್ಕೆ ಹಾಕಿದ. ಬೂಟಿನ ಅಡಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದ. ಒಂದು ತೋಟಾ ಮರೆತು ಉಳಿದರೂ ಫಜೀತಿ ಎಂದು ಎಲ್ಲ ಅಂಗಿಗಳ ಜೇಬನ್ನೂ ಒಳಮೈ ಹೊರಗೆ ಮಾಡಿ ಬೆರಳಾಡಿಸಿದ.

ಟೀ ತಂದ ನೊಯೆಲೀನ್ ಬಾಗಿಲಲ್ಲೇ ನಿಂತಳು. ಗಂಡನ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗೋಡೆಯ ಕಡೆ ಇತ್ತು.

"ಗೋಡೆಗೇನು ಲವ್ ಲೆಟರ್ ಬರೀತಿದೀಯಾ? ಕೆಳಗೆ ನೋಡ್ಕೊಂಡು ಕಟ್ಟೋ ಮಾರಾಯ."

"ಕಣ್ಣು ಮುಚ್ಕೊಂಡೂ ಕಟ್ತೀನಿ ನಾನು. ನೀನು ಆ ಚಾಕು ನಾನಿಟ್ಟ ಜಾಗದಿಂದ ತೆಗೀಬೇಡ."

"ತೆಗ್ದಿಲ್ಲಪ್ಪ. ಆ ಪರವಾನಗಿ ಕಾಗದ ಕೊಡು, ಒಂದ್ಸಲ ಓದಿ ನೋಡ್ತೀನಿ. ರೈಫಲ್ ನಂಬರು ಸರಿಯಿದ್ಯಾ ಅಂತ."

"ನಾನೇ ಬರೆದಿರೋದು! ಇಷ್ಟು ವರ್ಷ ಊರೋರ್ದೆಲ್ಲ ಬರೆದವನಿಗೆ ನಂದು ಬರೆಯೋಕೆ ಬರಲ್ವಾ?"

ಅವನು ರೇಗಿದ ರೀತಿಗೆ ಅವಳು ಬೆಚ್ಚಿದಳು. ಬಟ್ಟಲನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಮೊದಲ ವಿಮಾನಯಾನದ ಕಳವಳ ಎಂದುಕೊಂಡಳು.

ಕಳವಳ ಇದ್ದದ್ದು ನಿಜ. ಆದರೆ ಅದು ವಿಮಾನದ್ದಲ್ಲ. ಹೋದ ಬೇಸಿಗೆಯಿಂದ ತಮಾತಿಯ ಎಡಗಣ್ಣಿನ ನಟ್ಟನಡುವೆ ಮಸಿ ಬಳಿದ ಹಾಗೆ ಒಂದು ಕಲೆ ಕೂತಿತ್ತು. ಈಚೆಗೆ ಬಲಗಣ್ಣಿಗೂ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣಲು ಶುರುವಾಗಿತ್ತು. ಅಂಚಿನಲ್ಲಿ ಎಲ್ಲ ಸ್ಪಷ್ಟ. ನೇರವಾಗಿ ನೋಡಿದ್ದೇ ಮಾಯ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಬೆಟ್ಟ ಹೋಗುತ್ತದೆ, ಬೆಟ್ಟ ಹೋದರೆ ತನ್ನಲ್ಲಿ ಏನು ಉಳಿಯುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಕೆನಡಾಕ್ಕೆ ಬರುವುದಿಲ್ಲ ಎನ್ನಬಹುದಿತ್ತು. ಆದರೆ ಯಾಕೆ ಎಂದು ಲಾಯ್ಡ್ ಕೇಳದೆ ಬಿಡುತ್ತಿರಲಿಲ್ಲ.

ಮರುದಿನ ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ, ಬಂದೂಕು ತಪಾಸಣೆಯ ಕೋಣೆಯೊಳಗೆ, ಅಧಿಕಾರಿ ಹೆಂಗಸೊಬ್ಬಳು ಪೆಟ್ಟಿಗೆ ತೆರೆಸಿದಳು. ಕಟ್ಟಿದ್ದ ಅಂದ ನೋಡಿ, "ಹೀಗಿರ್ಬೇಕು ನೋಡಿ" ಎಂದು ಮೆಚ್ಚಿಕೊಂಡಳು. ಆಮೇಲೆ ನಳಿಗೆಯ ಬುಡದಲ್ಲಿ ಕೊರೆದಿದ್ದ ನಂಬರನ್ನು ಕಾಗದದ ಜೊತೆ ತಾಳೆ ಹಾಕಿದಳು. ಒಮ್ಮೆ ಹಾಕಿದಳು, ಇನ್ನೊಮ್ಮೆ ಹಾಕಿದಳು.

"ಸರ್, ಇದರಲ್ಲಿ ಮೂರು ಅಂತಿದೆ. ಬಂದೂಕಿನ ಮೇಲೆ ಎಂಟು ಇದೆ. ಕೊನೇದೂ ಬೇರೆ."

"ಸಾಧ್ಯವೇ ಇಲ್ಲ. ನಂದೇ ಬಂದೂಕು ಅದು, ಇಪ್ಪತ್ತು ವರ್ಷದಿಂದ."

"ನಿಮ್ಮದಲ್ಲ ಅಂತ ನಾನು ಹೇಳ್ತಿಲ್ಲ. ಬನ್ನಿ, ನೀವೇ ಓದಿ."

ತಮಾತಿ ಬಾಗಿದ. ನೇರ ನೋಡಿದರೆ ಬೂದು ಮಬ್ಬು. ಕತ್ತನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಕೋಳಿ ಕಾಳು ನೋಡುವ ಹಾಗೆ ಓರೆಗಣ್ಣಿನಲ್ಲಿ ಹುಡುಕಿದ. ಕೊನೆಗೆ ಉಗುರಿನಿಂದ ಅಂಕೆಗಳನ್ನು ಸವರತೊಡಗಿದ.

"ತಮಾತಿ," ಎಂದಳು ನೊಯೆಲೀನ್. "ನಿನಗೆ ಕಾಣಿಸ್ತಾ ಇಲ್ವಾ?"

ನಂಬರು ತಾಳೆಯಾಗದ ರೈಫಲ್ ವಿಮಾನ ಹತ್ತುವಂತಿರಲಿಲ್ಲ. ಬಂದೂಕು ಇಲ್ಲೇ ಬಿಟ್ಟು ನೀವಿಬ್ಬರೂ ಹೋಗಬಹುದು, ವಾಪಸು ಬಂದಾಗ ತೆಗೆದುಕೊಂಡರಾಯಿತು ಎಂದು ಅಧಿಕಾರಿ ಮರ್ಯಾದೆಯಿಂದಲೇ ಹೇಳಿದಳು. ತಮಾತಿ ಹೊರಗೆ ಬಂದು ಬೆಂಚಿನ ಮೇಲೆ ಕುಸಿದ.

"ಹೋಗೋಣ ನಡಿ," ಎಂದಳು ನೊಯೆಲೀನ್. "ಲಾಯ್ಡ್ ಮನೇಲಿ ಬಂದೂಕಿಗೆ ಬರಗಾಲಾನಾ? ಬೇಡ ಅಂದ್ರೆ ಸುಮ್ನೆ ಮೀನು ಹಿಡಿ. ಕಣ್ಣನ್ನ ವಾಪಸ್ ಬಂದ್ಮೇಲೆ ಡಾಕ್ಟರಿಗೆ ತೋರಿಸಿದ್ರಾಯ್ತು."

"ಆಗಲ್ಲ."

"ಯಾಕೆ ಆಗಲ್ಲ?"

ಆಗ ಅವನು ಹೇಳಿದ. ಏಪ್ರಿಲ್ಲಿನಲ್ಲಿ, ಗಂಡು ಜಿಂಕೆಗಳು ಗುಟುರು ಹಾಕುವ ಕಾಲದಲ್ಲಿ, ಡೀಟರ್ ಎಂಬ ಜರ್ಮನಿಯವನನ್ನು ಕರೆದುಕೊಂಡು ಹೋಗಿದ್ದ. ಹೊಳೆಯಾಚೆಯ ಪೊದೆಯಲ್ಲಿ ಕಂದು ಬಣ್ಣ ಅಲುಗಿತು. ಕಣ್ಣಂಚಿನಲ್ಲಿ ಕಂಡದ್ದನ್ನು ನಂಬಿ, "ಒಳ್ಳೇ ಗಂಡು, ಹೊಡಿ" ಎಂದು ಪಿಸುಗುಟ್ಟಿದ. ಡೀಟರ್ ಬಂದೂಕಿನ ದುರ್ಬೀನಿಗೆ ಕಣ್ಣು ಹಚ್ಚಿದವನು ಬೆರಳು ತೆಗೆದುಬಿಟ್ಟ. "ಮನುಷ್ಯ," ಎಂದ. ಪೊದೆಯಲ್ಲಿ ಬೂಟಿನ ಲಾಡಿ ಬಿಗಿಯುತ್ತ ಬಗ್ಗಿದ್ದವನು ಊರಿನ ಪೆಟ್ರೋಲ್ ಬಂಕಿನ ಮರ್ವಿನ್.

"'ನಿನ್ನನ್ನ ಪರೀಕ್ಷೆ ಮಾಡ್ದೆ' ಅಂತ ಡೀಟರ್‌ಗೆ ಹೇಳಿ ನಕ್ಕುಬಿಟ್ಟೆ. ಅವನೂ ನಕ್ಕ. ಅದಾದ್ಮೇಲೂ ಮೂರು ಜನರನ್ನ ಕರ್ಕೊಂಡು ಹೋದೆ ಕಣೇ."

ನೊಯೆಲೀನ್ ಅವನ ಕಡೆ ತಿರುಗಿದಳು. "ಅದಾದ್ಮೇಲೂನಾ," ಎಂದಳು. ಮರ್ವಿನ್ನನ ಹೆಂಡತಿ ಅವಳ ಶಾಲೆಯ ಗೆಳತಿ. ಪ್ರತಿ ಶನಿವಾರ ಇಬ್ಬರೂ ಒಟ್ಟಿಗೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಅವಳು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಹಿಂತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು. "ಫೋನ್ ಮಾಡು ಲಾಯ್ಡ್‌ಗೆ. ಸುಳ್ಳು ಹೇಳ್ಬೇಡ."

ಲಾಯ್ಡ್‌ಗೆ ಅವನು ಸುಳ್ಳು ಹೇಳಲಿಲ್ಲ. ಆ ತುದಿಯಲ್ಲಿ ಮುದುಕ ಕೆಮ್ಮಿ, "ಮೊದಲು ಡಾಕ್ಟರ್ ಹತ್ರ ಹೋಗೋ ಹಂದಿ" ಎಂದನಷ್ಟೆ. ವಿಮಾನ ಅವರಿಬ್ಬರನ್ನು ಬಿಟ್ಟು ಹೊರಟಿತು.

ಎಡಗಣ್ಣು ಇನ್ನು ಬರುವುದಿಲ್ಲ, ಬಲಗಣ್ಣನ್ನು ಇಷ್ಟಕ್ಕೇ ನಿಲ್ಲಿಸಬಹುದೇನೋ ನೋಡೋಣ ಎಂದರು ವೈದ್ಯರು. ತಿಂಗಳಿಗೊಮ್ಮೆ ಕಣ್ಣಿಗೇ ಸೂಜಿ. ಆಸ್ಪತ್ರೆ ಇಡೀ ದಿನದ ದಾರಿ. ಗಾಡಿ ನೊಯೆಲೀನ್ ಓಡಿಸುತ್ತಿದ್ದಳು, ಹೆಚ್ಚು ಮಾತಿಲ್ಲದೆ. ತಮಾತಿ ಬಂದೂಕಿನ ಲೈಸೆನ್ಸನ್ನು ತಾನಾಗಿಯೇ ಪೊಲೀಸರಿಗೆ ಒಪ್ಪಿಸಿದ. ಮುಂದಿನ ವರ್ಷಕ್ಕೆ ಬರುತ್ತೇವೆಂದಿದ್ದವರಿಗೆಲ್ಲ ಕಾಗದ ಬರೆಸಿದ.

ಉಳಿದದ್ದು ಮರ್ವಿನ್. ಅವನ ಬಂಕಿನ ಮುಂದೆ ಎರಡು ಸಲ ನಡೆದುಹೋಗಿ, ಮೂರನೇ ಸಲ ತಮಾತಿ ಒಳಗೆ ಕಾಲಿಟ್ಟ. ಮರ್ವಿನ್ ಟ್ರಾಕ್ಟರಿಗೆ ಡೀಸೆಲ್ ಹಾಕುತ್ತಿದ್ದ. ತಮಾತಿ ಪೂರ್ತಿ ಹೇಳಿದ, ಯಾವ ಪೊದೆ, ಯಾವ ಹೊತ್ತು, ತಾನು ಏನೆಂದೆ ಎಲ್ಲವನ್ನೂ. ಎದುರಿಗಿದ್ದವನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಮಬ್ಬು, ಸುತ್ತ ಕಿವಿ, ಟೋಪಿ, ಹೆಗಲು.

ಡೀಸೆಲ್ ತುಂಬಿ ಪಂಪು ಟಕ್ಕೆಂದು ನಿಂತಿತು. ಮರ್ವಿನ್ ನಳಿಕೆಯನ್ನು ಕೊಂಡಿಗೆ ಸಿಕ್ಕಿಸಿ, ಕೈಯನ್ನು ನಿಧಾನವಾಗಿ ಒರೆಸಿಕೊಂಡ.

"ಅವತ್ತು ನನ್ನ ಮೊಮ್ಮಗಳು ಜೊತೆಗಿದ್ಲು," ಎಂದ. "ನನ್ನ ಹಿಂದೆ, ಕಲ್ಲಿನ ಮೇಲೆ ಕೂತಿದ್ಲು. ನೋಡಿದ್ಯಾ ಅವಳನ್ನ?"

"ಇಲ್ಲ," ಎಂದ ತಮಾತಿ.

"ನನ್ನ ಹೆಂಡ್ತಿಗೆ ಇದನ್ನ ಹೇಳ್ಬೇಡ. ಅವಳ ಹತ್ರ ಬಾಯಿ ಬಿಡ್ಬೇಡ ಅಂತ ನೊಯೆಲೀನ್‌ಗೂ ಹೇಳು." ಮರ್ವಿನ್ ಆಫೀಸಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ.

ಮರ್ವಿನ್ನನ ಮಾತನ್ನು ತಮಾತಿ ಹೆಂಡತಿಗೆ ತಲುಪಿಸಿದ. ಆ ಶನಿವಾರ ನೊಯೆಲೀನ್ ಹೆಣಿಗೆಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರ ಹೋಗಿ ಬೇಗನೆ ಬಂದಳು. ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಸದ್ದು ಕೇಳಿಸಿಕೊಳ್ಳುತ್ತ ತಮಾತಿ ಜಗಲಿಯಲ್ಲೇ ಕೂತ. ಸ್ವಲ್ಪ ಹೊತ್ತಿಗೆ ಅವಳು ಹೊರಬಂದು ಪಾತ್ರೆಯನ್ನು ಅವನ ತೊಡೆಯ ಮೇಲಿಟ್ಟು, ಚಾಕುವನ್ನು ಕೈಗೆ ಕೊಟ್ಟು, ತಾನೂ ಪಕ್ಕದಲ್ಲಿ ಕೂತಳು.