ಹಳೇ ಶೌಚಾಲಯದ ಬಳೆ ಸದ್ದು

ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುವಾಗ ನಾವು ಕೆಲವು ಗೆಳೆಯರು ಶನಿವಾರಗಳಂದು ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಮಾತಾಡುತ್ತಿದ್ದೆವು. ಹುಟ್ಟಿದಾಗ ಗಂಡು ಎಂದೋ ಹೆಣ್ಣು ಎಂದೋ ಬೇರೆಯವರು ಹೇಳಿದ್ದನ್ನು ಮನಸ್ಸು ಒಪ್ಪದ ಮಕ್ಕಳೂ ಕ್ಲಾಸಿನಲ್ಲಿರುತ್ತಾರೆ, ಅವರನ್ನು ಗೋಳು ಹೊಯ್ದುಕೊಳ್ಳಬೇಡಿ ಎಂಬುದೇ ನಮ್ಮ ಮಾತಿನ ತಿರುಳು. ಅದಕ್ಕೆ ನಾನೇ ಉದಾಹರಣೆ. ಹುಡುಗನ ಯೂನಿಫಾರ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಚೂಡಿದಾರ ಹಾಕಿಕೊಂಡು ಕಾಲೇಜು ಸೇರಿದವಳು. ಮಕ್ಕಳು ಏನು ಕೇಳಿದರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಸ್ಟಾಫ್ ರೂಮಿನ ಪಿಸುಮಾತಿಗೆ ಮಾತ್ರ ಮೈ ಉರಿಯುತ್ತಿತ್ತು.

ಒಂದು ಹಳ್ಳಿಯ ಶಾಲೆಯಲ್ಲಿ ಮಾತು ಮುಗಿಸಿ, ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ಮುಖ್ಯೋಪಾಧ್ಯಾಯಿನಿ ಹುಡುಗರ ಶೌಚಾಲಯದ ಕಡೆ ನೋಡಿದರು, ಹುಡುಗಿಯರದ್ದರ ಕಡೆ ನೋಡಿದರು, ಕೊನೆಗೆ ಮೇಜು ನೋಡಿದರು.

“ಹಿಂದೆ ಹಳೇದೊಂದಿದೆ. ಆದ್ರೆ ಅಲ್ಲಿಗೆ ಯಾರೂ ಹೋಗಲ್ಲಮ್ಮ, ಮೋಹಿನಿ ಇದೆ ಅಂತಾರೆ. ಸೋಮವಾರ ಪೂಜೆ ಮಾಡ್ಸಿ ಬೀಗ ಹಾಕಿಸ್ತಾ ಇದೀವಿ.”

ಮೋಹಿನಿ ನನಗೇನು ಮಾಡಿಯಾಳು ಎಂದುಕೊಂಡು ಹೊರಟೆ. ದಾರಿ ತೋರಿಸಲು ಬಂದ ಹುಡುಗಿ ಅರ್ಧಕ್ಕೇ ನಿಂತಳು. ಮೋಹಿನಿ ತಮ್ಮ ತಂಟೆಗೆ ಬಾರದಿರಲಿ ಎಂದು ಹುಡುಗಿಯರೆಲ್ಲ ಸೇರಿ ಶುಕ್ರವಾರ ಅಲ್ಲಿ ಹೂವು, ಹಸಿರು ಬಳೆ ಇಡುತ್ತಾರಂತೆ. ಹೂವು ಅಲ್ಲೇ ಬಾಡುತ್ತದಂತೆ, ಬಳೆ ಮಾತ್ರ ಮಾಯವಂತೆ.

ಹೊಂಗೆ ಮರದಡಿ ತುಕ್ಕು ಹಿಡಿದ ತಗಡಿನ ಬಾಗಿಲು. ಹೊಸ್ತಿಲಲ್ಲಿ ಕುಂಕುಮ, ಬಾಡಿದ ಕನಕಾಂಬರ. ಊರ ತುಂಬ ಮಗ್ಗಗಳ ಸದ್ದು. ಇದ್ದಕ್ಕಿದ್ದಂತೆ ಕರೆಂಟ್ ಹೋಗಿ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಒಳಗಿನಿಂದ ಬಳೆ ಸದ್ದು ಕೇಳಿತು. ದೆವ್ವವಿಲ್ಲ ಎಂದು ಭಾಷಣ ಬಿಗಿಯುವ ನನಗೇ ಮೈ ಜುಮ್ಮೆಂದಿತು. ಯಾರೋ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವ ಹಾಗೆ ಬಳೆ ನಿಧಾನವಾಗಿ ಮತ್ತೆ ಸದ್ದು ಮಾಡಿತು.

“ಯಾರದು ಒಳಗೆ?”

ಸದ್ದು ನಿಂತಿತು. ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಒಂದು ಕಣ್ಣು ಕಂಡಿತು.

“ಅಕ್ಕಾ, ನೀವಾ?”

ಹತ್ತನೇ ತರಗತಿಯ ಮಗು. ಹುಡುಗರ ಪ್ಯಾಂಟು, ಶರ್ಟು, ಕೈ ತುಂಬ ಹಸಿರು ಬಳೆ. ಹುಡುಗರ ಶೌಚಾಲಯಕ್ಕೆ ಹೋದರೆ ಪ್ಯಾಂಟು ಎಳೆಯುತ್ತಾರಂತೆ. ಇಲ್ಲಿಗಾದರೆ ಯಾರೂ ಬರುವುದಿಲ್ಲ.

“ದೆವ್ವ ಇಲ್ಲ ಅಂತ ಮಾತ್ರ ಹೇಳ್ಬೇಡಿ ಅಕ್ಕಾ. ಎಲ್ರೂ ಬಂದ್ಬಿಡ್ತಾರೆ.”

ಬೀಗದ ವಿಷಯವೂ ಅವಳಿಗೆ ಗೊತ್ತಿತ್ತು. “ಆಮೇಲೆ ಸ್ಕೂಲಲ್ಲಿ ನೀರು ಕುಡಿಯೋದೇ ಬಿಟ್ಬಿಡ್ತೀನಿ” ಎಂದಳು. ನಾನೂ ಹಾಗೆ ನೀರು ಬಿಟ್ಟೇ ಶಾಲೆ ಮುಗಿಸಿದವಳು.

ಆಫೀಸಿಗೆ ವಾಪಸು ಬಂದೆ. “ಬೀಗ ಹಾಕಿಸಬೇಡಿ ಮೇಡಂ. ನನ್ನಂಥ ಮಕ್ಕಳಿಗೆ ಅದು ಬೇಕು.”

“ನಮ್ಮ ಸ್ಕೂಲಲ್ಲಿ ಅಂಥೋರು ಯಾರೂ ಇಲ್ಲಮ್ಮ.”

ಕರೆಂಟ್ ಇನ್ನೂ ಬಂದಿರಲಿಲ್ಲ. ಹಿಂದಿನ ಕಿಟಕಿಯಿಂದ ಬಳೆ ಸದ್ದು ಬಂತು. ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಇದಾರೆ ಮೇಡಂ. ಯಾರು ಅಂತ ಕೇಳ್ಬೇಡಿ” ಎಂದೆ.

ಅವರು ನನ್ನ ಕೈ ಬಿಟ್ಟು ಹೋಗಿ ಕಿಟಕಿ ಮುಚ್ಚಿದರು. ಸೋಮವಾರ ಬೀಗ ಬೀಳಲಿಲ್ಲ. ಭಯಕ್ಕೋ, ಅರ್ಥವಾಗಿಯೋ, ನಾನು ಕೇಳಲು ಹೋಗಲಿಲ್ಲ.

ಅಂದು ಒಳಗಿದ್ದ ಹುಡುಗಿ ಈಗ ಕಾಲೇಜಿಗೆ ಬಳೆ ತೊಟ್ಟೇ ಬಸ್ಸು ಹತ್ತುತ್ತಾಳೆ. ಮೊನ್ನೆ ಮೇಡಂ ಫೋನ್ ಮಾಡಿ ದನಿ ತಗ್ಗಿಸಿದರು. “ಬಳೆ ಮತ್ತೆ ಮಾಯ ಆಗ್ತಾ ಇವೆ ಕಣಮ್ಮ.”

ಹಾಗಾದರೆ ಇನ್ನೊಂದು ಮಗು ಇದೆ. ನನ್ನ ಮೈ ಮತ್ತೆ ಜುಮ್ಮೆಂದಿತು.

“ಯಾರು ಅಂತ ನಾನು ನೋಡೋಕೆ ಹೋಗ್ಲಿಲ್ಲ” ಎಂದರು ಮೇಡಂ. “ಒಳಗಡೆ ಗಟ್ಟಿ ಚಿಲಕ ಹಾಕ್ಸಿದೀನಿ. ಹೋದ ಶುಕ್ರವಾರ ಹುಡುಗೀರು ಬಳೆ ಇಡೋದು ಮರ್ತಿದ್ರು. ನಾನೇ ಇಟ್ಟು ಬಂದೆ.”