ತಟ್ಟೆ ಮನೆ ಪುಟ್ಟಬಸಮ್ಮ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಕೊಳ್ಳೇಗಾಲದಲ್ಲಿ ಇನ್ನೂ ಇದ್ದಾರೆ. ಪುಟ್ಟಬಸಮ್ಮ ಆ ಪೈಕಿ. ರೇಷನ್ ಅಂಗಡಿಯಲ್ಲೋ ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗಲೋ "ಯಜಮಾನ್ರ ಹೆಸ್ರೇನಮ್ಮ?" ಅಂದರೆ ಸಾಕು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದವರ ಮುಖ ನೋಡುತ್ತಿದ್ದಳು. ಪಕ್ಕದಲ್ಲಿ ಯಾರಿದ್ದರೂ ಸರಿ, "ರುದ್ರಸ್ವಾಮಿ ಅಂತ ಬರ್ಕಳಿ ಸಾ" ಅಂತ ಅವರೇ ಹೇಳಿಬಿಡುತ್ತಿದ್ದರು. ಆ ಹೆಸರು ಗೊತ್ತಿಲ್ಲದವರು ಆ ಕಡೆ ಕಡಿಮೆ. ವಿಚಿತ್ರ ನೋಡಿ, ಊರವರ ಹೆಸರನ್ನೆಲ್ಲ ಬರೆಯುವುದೇ ಆ ಮನುಷ್ಯನ ಕಸುಬು. ಅವನ ಹೆಸರನ್ನು ಹೇಳದೆ ಇರುವುದು ಅವನ ಹೆಂಡತಿಯ ವ್ರತ.

ರುದ್ರಸ್ವಾಮಿಗೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇತ್ತು. ಪಾತ್ರೆ ಎಲ್ಲಿ ಬೇಕಾದರೂ ಸಿಗುತ್ತದೆ, ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವನ ಹೆಸರು ಹಾಕುವ ಮಿಷನ್ನಿಗೆ. ಹೆಸರಿಲ್ಲದ ಚೊಂಬು ಒಂದು ಸಲ ಮದುವೆ ಮನೆಗೆ ಹೋದರೆ ತಿರುಗಿ ಬರುವುದು ಉಂಟೇ? ಬಂಡಳ್ಳಿ, ಕಾಮಗೆರೆ ಕಡೆಯವರೂ ತಲೆಯ ಮೇಲೆ ಪಾತ್ರೆ ಹೊತ್ತುಕೊಂಡು ಅವನ ಹತ್ತಿರವೇ ಬರುತ್ತಿದ್ದರು. ಯಾರಾದರೂ ಹೆಸರಿನ ಹಿಂದೆ ಶ್ರೀಮತಿ, ಮುಂದೆ ಅವರು ಅಂತೆಲ್ಲ ಹಾಕಿಸಲು ಹೊರಟರೆ ನಗುತ್ತಿದ್ದ. "ತಟ್ಟೆಗ್ಯಾಕವ್ವ ಮರ್ಯಾದೆ? ಹೆಸ್ರು ಸಾಕು ಕಣವ್ವ. ಉಣ್ಣೋರ್ಗೆ ಜಾಗ ಬ್ಯಾಡ್ವಾ?" ಅನ್ನುತ್ತಿದ್ದ.

ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಎದುರು ಮನೆಯ ಕುಮಾರಸ್ವಾಮಿಯ ಮಗಳು ಕೋಮಲ ಸ್ಕೂಲು ಬಿಟ್ಟ ಕೂಡಲೇ ಅಂಗಡಿಗೆ ಬಂದು ಮಿಷನ್ನಿನ ಝರ್ರನೆ ಸದ್ದು ಕೇಳುತ್ತ ಕೂರುತ್ತಿದ್ದಳು. "ನಿನ್ ಮದ್ವೆ ಪಾತ್ರೆಗೆಲ್ಲ ನಾನೇ ಹೆಸ್ರಾಕದು. ಬ್ಯಾರೇವ್ರ ಕೈಲಿ ಮುಟ್ಸಕಿಲ್ಲ" ಅಂತ ಅವನು ಆ ಮಗುವಿಗೆ ಮಾತು ಕೊಟ್ಟಿದ್ದ. ಆ ಮಾತು ನಡೆಸುವಷ್ಟು ಆಯುಸ್ಸು ಶಿವ ಕೊಡಲಿಲ್ಲ. ಎದೆನೋವು ಅಂತ ಒಂದು ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಬಂದವನು ಮತ್ತೆ ಅಂಗಡಿಗೆ ಹೋಗಲಿಲ್ಲ.

ಶಿವಗಣಾರಾಧನೆಯ ದಿನ ಬಂದವರಿಗೆಲ್ಲ ಅವನ ಜ್ಞಾಪಕಕ್ಕೆ ಒಂದೊಂದು ತಟ್ಟೆ ಕೊಡುವುದು ಅಂತ ನೆಂಟರು ತೀರ್ಮಾನಿಸಿದರು. ತಟ್ಟೆಗೇನು, ಅಂಗಡಿ ತುಂಬ ಇದ್ದವು. ಹೆಸರು ಹಾಕುವ ಕೈ ಒಂದಿರಲಿಲ್ಲ. ಕೊನೆಗೆ ಪುಟ್ಟಬಸಮ್ಮ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ತಾನೇ ಮಿಷನ್ ಹಿಡಿದು ಕೂತಳು. ಅವನು ಮಾಡುವುದನ್ನು ಎಷ್ಟೋ ವರ್ಷ ನೋಡಿದ್ದಳು. ಬಾಯಲ್ಲಿ ಒಂದು ದಿನವೂ ಹೇಳದ ಹೆಸರನ್ನು ಕೈಯಲ್ಲಿ ಬರೆದಳು: ಲಿಂಗೈಕ್ಯ ರುದ್ರಸ್ವಾಮಿ ಜ್ಞಾಪಕಾರ್ಥ. ಅಕ್ಷರಗಳು ಸೊಟ್ಟಗೆ ಬಂದವು, ಸ್ವಾಮಿ ಅನ್ನುವುದು ಪ್ರತಿ ತಟ್ಟೆಯಲ್ಲೂ ಒಂದೊಂದು ಕಡೆ ವಾಲಿತು. ಅವನಿದ್ದಿದ್ದರೆ "ಏನಮ್ಮಿ ಇದು, ಕೋಳಿ ಕೆರೆದಂಗೆ" ಅಂತ ನಗುತ್ತಿದ್ದ. ಹಾಗನ್ನಿಸಿದಾಗ ಆಕೆ ಮಿಷನ್ ಆಫ್ ಮಾಡಿ ಚೆನ್ನಾಗಿ ಅತ್ತಳು.

ಆರಾಧನೆಯ ಊಟಕ್ಕೆ ಅಡಿಗೆಯವರೇ ಥರ್ಮಾಕೋಲ್ ತಟ್ಟೆ ತಂದಿದ್ದರು. ದುಃಖದ ಮನೆಯಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ? ಎರಡನೇ ಪಂಕ್ತಿ ನಡೆಯುವಾಗ ಪುಟ್ಟಬಸಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದಳು. ಚರಂಡಿಯ ತುಂಬ ಬೆಳ್ಳಗೆ ತಟ್ಟೆ ಬಿದ್ದಿದ್ದವು. ಬೀದಿಯ ಹಸುವೊಂದು ಸಾಂಬಾರಿನ ವಾಸನೆಗೆ ಒಂದು ತಟ್ಟೆಯನ್ನು ಕಚ್ಚಿ ಕಚ್ಚಿ ನುಂಗುತ್ತಿತ್ತು. ಜೀವಮಾನವೆಲ್ಲ ಸ್ಟೀಲ್ ಮಾರಿದವನ ಆರಾಧನೆಗೆ ಇದೇ ಗತಿಯೇ ಅಂತ ಆಕೆಗೆ ಸಿಟ್ಟು ಬಂತು. ಅಷ್ಟು ದಿನದ ದುಃಖಕ್ಕೆ ಸಿಟ್ಟು ಒಂದು ಊರುಗೋಲು ಕೊಟ್ಟ ಹಾಗಾಯಿತು. ಒಳಗೆ ಬಂದವಳೇ ಹಂಚಲು ಜೋಡಿಸಿಟ್ಟ ತಟ್ಟೆಗಳ ಮುಂದೆ ನಿಂತಳು.

"ಇವ್ನ ಯಾರ್ಗೂ ಕೊಡಕಿಲ್ಲ. ಒಂದೊಂದ್ ಮನೆ ಅಟ್ಟದಲ್ಲಿ ಒಂದೊಂದು ತಟ್ಟೆ ಧೂಳ್ ತಿಂತಾ ಕೂತ್ಕಳದು ಬ್ಯಾಡ. ಎಲ್ಲ ಒಟ್ಗೇ ಇರ್ಲಿ. ನಾಕ್ ಜನಕ್ಕೆ ಊಟ ಹಾಕೋರು ತಕಂಡೋಗಿ, ಉಂಡು, ತೊಳ್ದು, ತಂದ್ಕೊಡ್ಲಿ" ಅಂದಳು.

ಬಂದವರಿಗೆ ಒಂದೊಂದು ತೆಂಗಿನಕಾಯಿ ಕೊಟ್ಟು ಕಳಿಸಿದಳು. ನೆಂಟರು ಮುಖ ಊದಿಸಿಕೊಂಡು ಹೋದರು.

ತಟ್ಟೆ ಮನೆ ಶುರುವಾದದ್ದು ಹೀಗೆ. ಹೆಸರು ಬೀದಿಯವರೇ ಇಟ್ಟದ್ದು. ಆ ಸಲ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು "ಉಘೇ ಮಾದಪ್ಪ" ಅನ್ನುತ್ತ ಬೀದಿಯಲ್ಲಿ ಬಂದಾಗ ಕುಮಾರಸ್ವಾಮಿ ಅನ್ನದಾನ ಇಟ್ಟುಕೊಂಡಿದ್ದ. ಪುಟ್ಟಬಸಮ್ಮ ತನ್ನ ತಟ್ಟೆಗಳನ್ನು ತಂದು ಇಳಿಸಿ, ಪಕ್ಕದಲ್ಲಿ ನೀರಿನ ಡ್ರಮ್ಮು, ಬೂದಿ, ತೆಂಗಿನ ನಾರು ಇಟ್ಟಳು. ಉಂಡವರು ತಾವೇ ತೊಳೆದಿಟ್ಟರು. ನಡೆದು ದಣಿದವರಿಗೆ ಇದು ಹೆಚ್ಚು ಅನ್ನಿಸಲಿಲ್ಲ, ಮಠದಲ್ಲಿ ಮಾಡುವ ಹಾಗೆ ಮಾಡಿದರು. ಆ ವರ್ಷ ಅವರ ಬೀದಿಯ ಚರಂಡಿ ಕಟ್ಟಿಕೊಳ್ಳಲಿಲ್ಲ. ಅದನ್ನು ನೋಡಿ ಬೀದಿಯ ಹೆಂಗಸರು ಅಟ್ಟ ಹತ್ತಿದರು. ಮದುವೆಯಲ್ಲಿ ಉಡುಗೊರೆ ಬಂದು ಒಂದು ದಿನವೂ ಇಳಿಸದ ತಟ್ಟೆ, ಲೋಟ, ಬೇಸಿನ್ನುಗಳನ್ನೆಲ್ಲ ತಂದು ಕೊಟ್ಟರು. ಬಾಡಿಗೆ ಇಲ್ಲ. ಎರಡೇ ಕಟ್ಟಳೆ: ತೊಳೆದು ತರಬೇಕು, ನಮ್ಮ ತಟ್ಟೆಯ ಪಕ್ಕ ಪ್ಲಾಸ್ಟಿಕ್ ಲೋಟ ಇಡಬಾರದು. ಇಟ್ಟದ್ದು ಗೊತ್ತಾದರೆ ಮುಂದಿನ ಸಲ ಬಾಗಿಲಲ್ಲೇ ವಾಪಸ್. ಪಕ್ಕದ ಬೀದಿಯ ಮಾದೇವಮ್ಮ ಜೊತೆಗೂಡಿದಳು. ಆಕೆಯ ಬಾಯಿ ಜೋರು, ಕೈ ಅದಕ್ಕಿಂತ ಜೋರು. ತಟ್ಟೆ ತಿರುಗಿಸಿ ನೋಡಿ ಒಂದು ಅಗುಳು ಕಂಡರೂ "ಇದ್ರಲ್ಲಿ ನೀವ್ ಉಣ್ತೀರೇನ್ರೀ?" ಅನ್ನುತ್ತಿದ್ದಳು. ಜನ ಪುಟ್ಟಬಸಮ್ಮನಿಗೆ ಹೆದರುತ್ತಿರಲಿಲ್ಲ, ಮಾದೇವಮ್ಮನಿಗೆ ಹೆದರುತ್ತಿದ್ದರು.

ತಟ್ಟೆಗಳನ್ನು ಎರಡು ರಾಶಿ ಮಾಡಿ ಇಟ್ಟಿದ್ದರು. ಬೀದಿಯವರು ಕೊಟ್ಟವು ಎಲ್ಲಿಗೆ ಬೇಕಾದರೂ ಹೋಗುತ್ತಿದ್ದವು. ರುದ್ರಸ್ವಾಮಿಯ ಹೆಸರಿದ್ದವು ಅನ್ನದಾನ, ತಿಥಿ, ಆರಾಧನೆಗೆ ಮಾತ್ರ. ಲಿಂಗೈಕ್ಯರ ಹೆಸರಿನ ತಟ್ಟೆಯನ್ನು ಮದುವೆಗೆ ಯಾರು ಒಯ್ಯುತ್ತಾರೆ? ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗೆ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತಿರುವಾಗ ಕೋಮಲಳ ಮದುವೆ ಬಂತು. ಗಂಡು ಹನೂರಿನ ಕಡೆಯವನು. ಒಂದು ಬಸ್ ಜನ ಬರುತ್ತಾರೆ ಅಂದಿದ್ದರು, ಎರಡು ಬಸ್ ಬಂದು ನಿಂತವು. ಎರಡನೇ ಪಂಕ್ತಿಗೆ ತಟ್ಟೆ ಸಾಲಲಿಲ್ಲ. ತೊಳೆದು ಕೊಡುವಷ್ಟು ಹೊತ್ತು ಬೀಗರನ್ನು ಕೂರಿಸುವ ಹಾಗಿಲ್ಲ. ಪುಟ್ಟಬಸಮ್ಮ ಮನೆಗೆ ಹೋಗಿ ಎರಡನೇ ರಾಶಿಗೆ ಕೈ ಹಾಕಿದಳು.

"ಅಕ್ಕ, ಅದು ಬ್ಯಾಡ ಕಣಕ್ಕ" ಅಂದಳು ಮಾದೇವಮ್ಮ.

"ಅನ್ನ ಬಿದ್ಮ್ಯಾಲೆ ತಟ್ಟೆ ಓದ್ತಾ ಕೂತ್ಕಂಡಾರಾ? ಬುಡು" ಅಂದಳು ಪುಟ್ಟಬಸಮ್ಮ.

ತಟ್ಟೆ ಸಾಲದ್ದು ನಿಜ. ಆದರೆ ಆಕೆಯ ಮನಸ್ಸಿನಲ್ಲಿ ಇದ್ದದ್ದು ಬೇರೆ. ಈ ಹುಡುಗಿಯ ಪಾತ್ರೆಗೆಲ್ಲ ನಾನೇ ಹೆಸರು ಹಾಕುತ್ತೇನೆ ಅಂದಿದ್ದ ಮನುಷ್ಯ ಅವಳ ಮದುವೆಯಲ್ಲಿ ಇಷ್ಟಾದರೂ ಇರಲಿ ಅಂತ ಆಸೆಪಟ್ಟಳು.

ಕೆಟ್ಟದ್ದು ಪಾಯಸದಿಂದ. ಅಡಿಗೆಯವನು ಆ ದಿನ ಪಾಯಸ ಮಾಡಿದ್ದು ಅಷ್ಟು ಚೆನ್ನಾಗಿತ್ತು. ಗಂಡಿನ ಕಡೆಯ ಹಿರಿಯಜ್ಜಿ ತಟ್ಟೆಯನ್ನು ಬೆರಳಲ್ಲಿ ಬಳಿದು ಬಳಿದು ತಿಂದಳು. ತಳ ಚೊಕ್ಕಟವಾಯಿತು, ಅಕ್ಷರ ಎದ್ದವು. ಅಜ್ಜಿಯ ಕಣ್ಣು ಇನ್ನೂ ಚೆನ್ನಾಗಿತ್ತು, ಓದು ಬರಹವೂ ಬರುತ್ತಿತ್ತು.

"ಅಯ್ಯೋ ಶಿವನೇ, ಮದ್ವೆ ಮನೇಲಿ ಸತ್ತೋರ ತಟ್ಟೆಯಾ!" ಅಂತ ಎದ್ದು ನಿಂತಳು.

ಆ ಸಾಲು ಪೂರ್ತಿ ಎದ್ದಿತು. ಕುಮಾರಸ್ವಾಮಿ ಬೀಗರ ಕೈ ಹಿಡಿದುಕೊಂಡ. ಯಾರೋ ಸ್ಕೂಟರಿನಲ್ಲಿ ಹೋಗಿ ಥರ್ಮಾಕೋಲ್ ತಟ್ಟೆಯ ಕಟ್ಟು ತಂದರು. ಅಜ್ಜಿಯನ್ನು ಬೈಯುವ ಹಾಗಿಲ್ಲ. ಮೊಮ್ಮಗನ ಮದುವೆಯ ದಿನ ಆ ಅಕ್ಷರ ಕಂಡರೆ ಯಾರ ಎದೆ ತಾನೇ ಝಲ್ಲೆನ್ನುವುದಿಲ್ಲ? ಪುಟ್ಟಬಸಮ್ಮ ಯಾರ ಮುಖವನ್ನೂ ನೋಡದೆ ಉಂಡ ತಟ್ಟೆಗಳನ್ನು ಎತ್ತಿಕೊಂಡು ಮನೆಗೆ ಬಂದಳು.

ಅಲ್ಲಿಂದ ತಟ್ಟೆ ಮನೆಗೆ ಯಾರೂ ಬರಲಿಲ್ಲ. ಯಾವ ರಾಶಿಯಲ್ಲಿ ಯಾವುದು ಸೇರಿದೆಯೋ ಅನ್ನುವ ಅನುಮಾನ ಜನಕ್ಕೆ. ನಾಮಕರಣ, ಗೃಹಪ್ರವೇಶ, ಎಲ್ಲಕ್ಕೂ ಮತ್ತೆ ಬಿಳಿ ತಟ್ಟೆ ಬಂತು. ಚರಂಡಿ ಮತ್ತೆ ಕಟ್ಟಿತು. ಹಸು ಮತ್ತೆ ಅಲ್ಲಿಗೇ ಬಂದು ನಿಂತಿತು. ಒಂದೆರಡು ತಿಂಗಳು ಕಳೆದು ಕುಮಾರಸ್ವಾಮಿ ಬಂದು ಹೊಸ್ತಿಲ ಹೊರಗೇ ನಿಂತ.

"ಅತ್ಗೆ, ಬೇಜಾರ್ ಮಾಡ್ಕಬ್ಯಾಡಿ. ಆ ಹೆಸ್ರು ತೆಗ್ಸುದ್ರೆ ಜನ ಮತ್ತೆ ತಕಂಡೋಯ್ತರೆ. ಇಲ್ದಿದ್ರೆ ಇದು ನಿಂತೋಯ್ತದೆ."

"ಒಳಕ್ ಬನ್ನಿ, ಕಾಪಿ ಕುಡೀರಿ" ಅಂದು ಪುಟ್ಟಬಸಮ್ಮ ಒಲೆಯ ಕಡೆ ಹೋದಳು.

ಅಪ್ಪನಿಂದ ಫೋನಿನಲ್ಲಿ ವಿಷಯ ಕೇಳಿ ತವರಿಗೆ ಬಂದ ಕೋಮಲ ಅಪ್ಪನ ಮನೆಗಿಂತ ಮೊದಲು ಇಲ್ಲಿಗೆ ಬಂದಳು. ಅವಳಿಗೆ ಇವರು ದೊಡ್ಡಪ್ಪ, ದೊಡ್ಡವ್ವ. ಪುಟ್ಟಬಸಮ್ಮನ ಮಡಿಲಲ್ಲಿ ತಲೆ ಇಟ್ಟು ಹೇಳಿದಳು: "ದೊಡ್ಡವ್ವ, ಅವತ್ತು ನಾನು ಒಂದ್ ತಟ್ಟೆ ಬಚ್ಚಿಟ್ಕಂಡು ದೊಡ್ಡಪ್ಪನ ತಟ್ಟೇಲೇ ಉಂಡೆ. ನಂಗೇನೂ ಆಗ್ನಿಲ್ಲ. ನೀನ್ ಅಳಿಸ್ಬ್ಯಾಡ. ಅಟ್ಟದ ಮ್ಯಾಲೆ ಭದ್ರವಾಗಿ ಎತ್ತಿಡು."

ಪುಟ್ಟಬಸಮ್ಮ ಅವಳ ತಲೆ ಸವರಿದಳು.

"ಅಟ್ಟದ ಮ್ಯಾಲೆ ಕೂರ್ಸಕೆ ನಿಮ್ ದೊಡ್ಡಪ್ಪ ಏನು ಉಪ್ಪಿನ್ಕಾಯಿ ಜಾಡಿಯಾ? ನಾಕ್ ಜನ ಇಲ್ದೆ ಅವ್ರು ಒಂದ್ ದಿನ ಇದ್ದೋರಲ್ಲ ಕಣವ್ವ" ಅಂದಳು. ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು.

ಮಾರನೇ ದಿನ ಆಟೋದಲ್ಲಿ ಆ ರಾಶಿ ಹೇರಿಕೊಂಡು ಮಾದೇವಮ್ಮನ ಜೊತೆ ನಿಂಗರಾಜುವಿನ ಶೆಡ್ಡಿಗೆ ಹೋದಳು. ನಿಂಗರಾಜು ವೆಲ್ಡಿಂಗ್ ಮಾಡುವವನು, ಪಾಲಿಶ್ ಹಾಕುವ ಚಿಕ್ಕ ಚಕ್ರವೂ ಅವನ ಹತ್ತಿರ ಇತ್ತು. ಪೂರ್ತಿ ಅಳಿಸಿಬಿಡು ಅಂತ ಹೇಳಬೇಕೆಂದೇ ಮನೆಯಿಂದ ಹೊರಟಿದ್ದಳು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಅವನು ಮೊದಲನೇ ತಟ್ಟೆ ಹಿಡಿದು ಸ್ವಿಚ್ ಹಾಕಿದ. ಚಕ್ರ ಝರ್ರನೆ ತಿರುಗಿತು. ಅದೇ ಸದ್ದು. ಮೊದಲ ಪದ ಅಳಿಸಿಹೋಗಿ ಆ ಜಾಗ ಹೊಸ ತಟ್ಟೆಯ ಹಾಗೆ ಮಿರಮಿರ ಮಿಂಚಿತು. ಚಕ್ರ ಎರಡನೇ ಪದದ ಹತ್ತಿರ ಬರುವಷ್ಟರಲ್ಲಿ ಪುಟ್ಟಬಸಮ್ಮ ಅಡ್ಡ ಹೆಬ್ಬೆರಳು ಇಟ್ಟಳು.

ನಿಂಗರಾಜು ಹೌಹಾರಿ ಮಿಷನ್ ಆಫ್ ಮಾಡಿದ. "ಅಕ್ಕ, ಬೆರ್ಳು ತಗೀರಿ! ಕುಯ್ದೋಗದು!"

"ತಗ್ಯಕಿಲ್ಲ. ಇದ್ನ ಬುಟ್ಟು ಮಾಡು."

"ಯಾವ್ದ ಬುಟ್ಟು?"

ಬಾಯಿ ತೆರೆದಳು. ಯಾವತ್ತೂ ಬಾರದ ಹೆಸರು ಆಗಲೂ ಬರಲಿಲ್ಲ. ಹೆಬ್ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಪಕ್ಕದಲ್ಲಿದ್ದ ಮಾದೇವಮ್ಮನ ಜೋರು ಬಾಯಿಯೂ ಕಟ್ಟಿಹೋಗಿತ್ತು. ನಿಂಗರಾಜು ಬಗ್ಗಿ ಆ ಬೆರಳನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಇದೊಂದು ಇರ್ಲಿ, ಹಿಂದಿಂದು ಮುಂದಿಂದು ತೆಗ್ದ್ಬುಡನ. ಅಷ್ಟೇ ತಾನೆ ಅಕ್ಕ?" ಅಂದ.

ಪುಟ್ಟಬಸಮ್ಮ ತಲೆಯಾಡಿಸಿದಳು. ಅವನು ಹುಷಾರಾಗಿ ಒಂದೊಂದನ್ನೂ ಹಾಗೇ ಮಾಡಿದ. ಲಿಂಗೈಕ್ಯ ಅನ್ನುವುದು ಹೋಯಿತು, ಜ್ಞಾಪಕಾರ್ಥ ಅನ್ನುವುದು ಹೋಯಿತು. ನಡುವೆ ಸೊಟ್ಟಗೆ ವಾಲಿಕೊಂಡು ರುದ್ರಸ್ವಾಮಿ ಅನ್ನುವುದೊಂದೇ ಉಳಿಯಿತು. ಬದುಕಿರುವವರ ತಟ್ಟೆಯ ಮೇಲೆ ಇರುವ ಹಾಗೆ, ಬರಿಯ ಹೆಸರು.

ಮೊದಲು ಬಂದವನು ಕುಮಾರಸ್ವಾಮಿಯೇ. ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಟವಲಿನಲ್ಲಿ ಮೂಗು ಒರೆಸಿಕೊಂಡ. "ನಮ್ಮ ಅತ್ತೆ ಮನೆ ಕಡೆ ನಾಮಕರಣ ಅದೆ ಅತ್ಗೆ, ಇವ್ನೇ ಕೊಡಿ" ಅಂದ. ಅವನು ಒಯ್ದಮೇಲೆ ಬೀದಿ ಒಯ್ದಿತು. ಬೀದಿ ಒಯ್ದಮೇಲೆ ಊರು ಒಯ್ದಿತು. ಈಗ ಎರಡು ರಾಶಿ ಇಲ್ಲ, ಎಲ್ಲ ಒಂದೇ ರಾಶಿ.

ಮೊನ್ನೆ ಯಳಂದೂರಿನಿಂದ ಒಬ್ಬ ಯುವಕ ಲಗೇಜ್ ಆಟೋದಲ್ಲಿ ಬಂದ. ಅವರ ಮನೆಯ ಗೃಹಪ್ರವೇಶಕ್ಕೆ ಅವನ ತಾಯಿ ತರಿಸಿಕೊಂಡಿದ್ದ ತಟ್ಟೆಗಳನ್ನು ವಾಪಸ್ ಕೊಡಲು ಬಂದಿದ್ದ. ಈ ಮನೆಗೆ ಅವನು ಹೊಸಬ. ಒಂದು ತಟ್ಟೆ ಎತ್ತಿ ಹೆಸರು ಓದಿಕೊಂಡು ಬಾಗಿಲಿನಲ್ಲಿ ನಿಂತು ಕೇಳಿದ: "ಅಮ್ಮ, ರುದ್ರಸ್ವಾಮಿಯವ್ರ ಮನೆ ಇದೇನಾ?"

"ಹೂಂ ಕಣಪ್ಪ."

"ತಟ್ಟೆ ಕೊಟ್ಟು ಉಪಕಾರ ಮಾಡುದ್ರು. ಅವ್ರ ಒಂದ್ಸಲ ನೋಡಿ ಕೈ ಮುಗ್ದು ಓಗಣ ಅಂತ. ಮನೇಲಿ ಅವ್ರಾ?"

ಜಗಲಿಯಲ್ಲಿ ಕೂತಿದ್ದ ಮಾದೇವಮ್ಮ ಏನೋ ಹೇಳಲು ಬಾಯಿ ತೆರೆದಳು. ಪುಟ್ಟಬಸಮ್ಮ ಅವಳ ಕೈ ಹಿಡಿದು ಸುಮ್ಮನಿರಿಸಿ, ಆಟೋದ ಕಡೆ ನೋಡಿದಳು.

"ಈಗ್ತಾನೆ ಬಂದ್ರು ಕಣಪ್ಪ" ಅಂದಳು. "ನೀನೇ ಕರ್ಕಂಡ್ ಬಂದಿದ್ದೀಯಲ್ಲ. ಮೆಲ್ಲಗೆ ಒಳಕ್ ಇಳ್ಸು."