ಹಣ್ಣಾಗದ ಹುಳ

ನನಗೆ ತಪ್ಪು ಕಂಡರೆ ಆಗುವುದಿಲ್ಲ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಕೆಂಪು ಪೆನ್ನು ಹಿಡಿದು ಹಿಡಿದು ಬುದ್ಧಿಯೇ ಹಾಗಾಗಿಬಿಟ್ಟಿದೆ. ಭಾರತೀನಗರದಿಂದ ಊರಿಗೆ ಬರುವ ಬಸ್ಸಿನ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಕಂಡಕ್ಟರಿಗೆ ಹೇಳಿಯೇ ಇಳಿಯುವ ಪೈಕಿ ನಾನು. ಅಂಥವಳಿಗೆ ದೇವರು ಕೊಟ್ಟ ಪರೀಕ್ಷೆ ನೋಡಿ, ಕಣ್ಣೆದುರು ತಪ್ಪು ನಡೆಯುವಾಗ ಬಾಯಿ ಮುಚ್ಚಿಕೊಂಡು ಕೂತಿರು ಅಂದ.

ನಮ್ಮ ಅತ್ತೆ ರೇಷ್ಮೆ ಹುಳ ಸಾಕಿಯೇ ಮೂರು ಮಕ್ಕಳನ್ನು ದಡ ಸೇರಿಸಿದವರು. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಆಡಿಸತೊಡಗಿದರೆ ಅದು ಹಣ್ಣಾಯಿತು ಅನ್ನುತ್ತೇವೆ. ಅಂಥದ್ದನ್ನು ಮಾತ್ರ ಸಾಕುವ ತಟ್ಟೆಯಿಂದ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹಣ್ಣಾಗದ ಹುಳ ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ, ಹಿಕ್ಕೆ ಹಾಕಿ, ಅಕ್ಕಪಕ್ಕದ ಗೂಡನ್ನೂ ಕೆಡಿಸುತ್ತದೆ. ಅತ್ತೆ ಊರಿನ ಸುದ್ದಿಯೆಲ್ಲ ಮಾತಾಡುತ್ತಲೇ ಸರಸರ ಆರಿಸುತ್ತಿದ್ದರು. ಎಲ್ಲೋ ಒಮ್ಮೆ ಬೆರಳು ತಪ್ಪು ಹುಳದ ಕಡೆ ಹೋದರೆ, ಮುಟ್ಟುವ ಮೊದಲೇ ತಾನಾಗಿ ನಿಂತುಬಿಡುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಕೈಕಾಲು ಬಂತು, ಮಾತು ಬಂತು, ನನ್ನನ್ನು ಬೈಯುವುದೂ ಬಂತು. ಗೆದ್ದೆವು ಅಂದುಕೊಂಡೆವು. ಆದರೆ ಕಾಫಿಗೆ ಉಪ್ಪು ಹಾಕಿ ನನ್ನ ಕೈಗಿಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರು. ಒಂದು ದಿನ ಹುಳದ ಮನೆಗೆ ಹೋಗಿ, ಚಂದ್ರಿಕೆಯ ತುಂಬ ಹಣ್ಣಾಗದ ಹುಳ ಬಿಟ್ಟು, "ಆಯ್ತು ಕಣಮ್ಮ" ಎಂದು ಕೈ ಒರೆಸಿಕೊಂಡು ಬಂದರು. ಆ ಬೆಳೆಯ ಅರ್ಧ ಗೂಡು ಹಾಳಾಯಿತು.

ನನ್ನ ಗಂಡ ಹೇಳಿಯೇಬಿಟ್ಟರು. "ಇನ್ನು ಉಳದ ಮನೆ ತಂಟೆಗೆ ಬರಬ್ಯಾಡ ಬುಡವ್ವ."

"ನಾನೇನ್ಲಾ ತಪ್ ಮಾಡ್ದೆ?" ಅಂದರು ಅತ್ತೆ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಅಂದಿನಿಂದ ಹುಳದ ಮನೆಯ ಬಾಗಿಲ ಹೊರಗೆ ಗೋಣಿಚೀಲ ಹಾಸಿಕೊಂಡು ಕೂರತೊಡಗಿದರು. ಒಳಗೆ ಹುಳ ಸೊಪ್ಪು ಕಡಿಯುವ ಸದ್ದು ಕೇಳಿಸಿಕೊಳ್ಳುತ್ತಾ ಕೂತ ಅವರನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲವನ್ನೂ ಒದರಿದೆ. ಅವರು ಸಮಾಧಾನವಾಗಿ ಹೇಳಿದರು. "ತಪ್ಪು ಎಲ್ಲರೂ ಮಾಡ್ತೀವಿ ಮೇಡಂ. ಮಾಡಿದ ತಕ್ಷಣ, ನಮಗೇ ಸರಿಯಾಗಿ ಗೊತ್ತಾಗೋ ಮೊದಲೇ, ಮಿದುಳು ಒಳಗಿಂದ 'ತಡಿ' ಅನ್ನುತ್ತೆ. ಇವರಲ್ಲಿ ಅದು ಮಂಕಾಗಿದೆ. ಅಭ್ಯಾಸ ಮಾಡಿಸಿದ್ರೆ ಚುರುಕಾಗಬಹುದು. ಮನೇಲಿ ಇವರ ತಪ್ಪು ತೋರಿಸೋರು ಯಾರು?"

"ನಾನೇ" ಅಂದೆ, ಸ್ವಲ್ಪ ಜಂಬದಿಂದಲೇ.

"ತಕ್ಷಣ ಹೇಳಿಬಿಡ್ತೀರಾ?"

"ಇನ್ನೇನು ಮತ್ತೆ?"

"ನೀವೇ ಹೇಳಿಬಿಟ್ಟರೆ ಅವರ ಮಿದುಳು ಯಾಕೆ ಹುಡುಕಬೇಕು? ಸ್ವಲ್ಪ ಕಾಯಿರಿ. ಆಮೇಲೆ, ಸರಿಯಾಗಿದೆಯಾ ನೋಡಿ ಅಂತ ಕೇಳಿ, ಅಷ್ಟೇ."

ನನ್ನ ಮುಖ ಸಣ್ಣಗಾಯಿತು. ಬೋರ್ಡಿನ ಮೇಲೆ ತಪ್ಪು ಬರೆದಾಗ ನನ್ನ ಸೀಮೆಸುಣ್ಣವೂ ಹಾಗೇ ತಟಕ್ಕನೆ ನಿಲ್ಲುತ್ತದೆ. ಹಾಗೆ ನಿಲ್ಲುವ ಅವಕಾಶವನ್ನು ನನ್ನ ಶಾಲೆಯ ಎಷ್ಟು ಮಕ್ಕಳಿಂದ ಕಿತ್ತುಕೊಂಡಿದ್ದೇನೋ ಅನ್ನಿಸಿತು.

ಎರಡು ತಿಂಗಳು, ಸರಿಯಾಗಿದ್ಯಾ ನೋಡಿ ಅಂತಷ್ಟೇ ಕೇಳುತ್ತಾ, ಉಪ್ಪಿನ ಕಾಫಿ ಕುಡಿದೆ. ಒಂದು ಬೆಳಿಗ್ಗೆ ಅತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕಿ, ತಡೆದು, ಮುಚ್ಚಳ ಮುಚ್ಚಿದರು. ಅವತ್ತೇ ಗಂಡನ ಹತ್ತಿರ ಜಗಳವಾಡಿ, ಬರುವ ಬೆಳೆಯಲ್ಲಿ ಒಂದು ತಟ್ಟೆಯನ್ನು ಅತ್ತೆಗೆಂದು ಬಿಡಿಸಿಕೊಂಡೆ. "ಈ ಸಲ ಆಗ್ನಿಲ್ಲ ಅಂದ್ರೆ ಮತ್ತೆ ಕೇಳ್ಬ್ಯಾಡ" ಅಂದರು ಅವರು.

ಹುಳ ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ, ಎರಡು ದಿನ ಆರಿಸಬೇಕು. ಮೊದಲ ದಿನ ಅತ್ತೆ ಹುಳದ ಮನೆಯ ಬಾಗಿಲಲ್ಲಿ ಕೂತು ಹಣ್ಣು, ಹಸಿ ಎನ್ನದೆ ಎತ್ತಿ ಎತ್ತಿ ಬಿಟ್ಟರು. ನನಗೋ ನಾಲಿಗೆ ತುರಿಸುತ್ತಿತ್ತು. ಸೆರಗಿನ ತುದಿಯನ್ನು ಕಚ್ಚಿಕೊಂಡು ಕೂತೆ. ಕೊನೆಗೆ, "ಅತ್ತೆ, ಸರಿಯಾಗಿದ್ಯಾ ಒಂದ್ಸಲ ನೋಡಿ" ಅಂದೆ. ಚಂದ್ರಿಕೆಯನ್ನು ಬಹಳ ಹೊತ್ತು ನೋಡಿ, "ಸರಿಯಾಗೇ ಅದೆ" ಅಂದರು. ಅವರು ಊಟಕ್ಕೆ ಎದ್ದಮೇಲೆ ಹಸಿ ಹುಳಗಳನ್ನು ಹೆಕ್ಕಿ ತಟ್ಟೆಗೆ ಹಾಕುವಾಗ ನನಗೆ ಅಳುವೇ ಬಂತು.

ಎರಡನೆಯ ದಿನ ಸುಮ್ಮನೆ ಕೂರಲಾಗದೆ, ಇನ್ನೊಂದು ಚಂದ್ರಿಕೆ ಇಟ್ಟುಕೊಂಡು ನಾನೂ ಆರಿಸತೊಡಗಿದೆ. ಅತ್ತೆ ಮಳವಳ್ಳಿಯಲ್ಲಿರುವ ಮೊಮ್ಮಗಳ ಬಾಣಂತನದ ಮಾತು ತೆಗೆದಿದ್ದರು. ಅವರ ಬೆರಳು ಒಂದು ಬಿಳಿ ಹುಳದ ಕಡೆ ಹೋಯಿತು. ಬೆರಳು ನಿಂತಿತು.

"ಥೂ, ಎಲ್ಲಿ ನೋಡ್ತಿವ್ನೋ ನಾನು" ಎಂದು ತಮಗೆ ತಾವೇ ಬೈದುಕೊಂಡು, ಪಕ್ಕದ ಹಣ್ಣು ಹುಳವನ್ನು ಎತ್ತಿಕೊಂಡರು. ಬಾಣಂತನದ ಮಾತು ನಡೆದೇ ಇತ್ತು. ನನ್ನ ಕಣ್ಣು ತುಂಬಿ ತಟ್ಟೆಯೇ ಕಾಣದಾಯಿತು. ಅಷ್ಟರಲ್ಲಿ ಗಂಡ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದರು.

ಅತ್ತೆ ಸಟಕ್ಕನೆ ನನ್ನ ಚಂದ್ರಿಕೆಗೆ ಕೈ ಹಾಕಿ ಒಂದು ಹುಳ ತೆಗೆದರು. "ಇದಿನ್ನೂ ಅಣ್ಣಾಗಿಲ್ಲ ಕಣಮ್ಮ. ಯಾರು ಬುಟ್ಟಿದ್ದು ಇದ?"

"ನಾನೇ ಅತ್ತೆ, ತಪ್ಪಾಯ್ತು" ಅಂದೆ. ಆ ಮಾತನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಆಡಿರಲಿಲ್ಲ.

"ಇಸ್ಕೂಲ್ನಲ್ಲಿ ಏನ್ ಯೇಳ್ಕೊಡ್ತೀಯೋ, ಕಾಣೆ" ಅಂದರು ಅತ್ತೆ.

ಗಂಡ ಹೊರೆ ಇಳಿಸಿ, ಒಳಗಿನಿಂದ ಇನ್ನೊಂದು ತಟ್ಟೆ ತಂದು ಅವರವ್ವನ ಮುಂದೆ ಇಟ್ಟರು.